ಬೀಗದ ಕೈ ಯಾರ ಕೈಲಿ?

ಬ್ರಿಟನ್ನಿನ ಬಾರ್ಕ್ಲೇಸ್ ಬ್ಯಾಂಕು 2007ರಲ್ಲೇ ಗ್ರಾಹಕರ ಕೈಗೆ ಕ್ಯಾಲ್ಕುಲೇಟರಿನಂಥ ಪುಟ್ಟ ಯಂತ್ರ ಕೊಟ್ಟಿತು. ಹೆಸರು ಪಿನ್‌ಸೆಂಟ್ರಿ. ಕಾರ್ಡು ತೂರಿಸಿ ಪಿನ್ ಒತ್ತಿದರೆ 8 ಅಂಕಿಯ ಸಂಕೇತ ಹಾಜರ್. ಸಿಮ್ಮೂ ಬೇಡ, ಸಿಗ್ನಲ್ಲೂ ಬೇಡ.

ಇಲ್ಲಿ? ಬಹುಮಂದಿಗೆ ಓಟಿಪಿ ಬರೋದು ಮೊಬೈಲಿಗೆ. ಪಾಸ್‌ವರ್ಡ್ ಕದ್ದ ಖದೀಮ ಅದೇ ನಂಬರಿಗೆ ಬೇರೆ ಸಿಮ್ ತೆಗೆಸಿದರೆ ಓಟಿಪಿಯೂ ಅವನ ಪಾಲು!

ಹಾಗಂತ ಯಂತ್ರವೇನೂ ದೇವರಲ್ಲ. 2009ರಲ್ಲಿ ಕೇಂಬ್ರಿಡ್ಜ್ ಸಂಶೋಧಕರು ಅದರಲ್ಲೂ ತೂತು ತೋರಿಸಿದರು. ಸಂಕೇತವನ್ನು ಫೋನಿನಲ್ಲಿ ಓದಿ ಹೇಳುವವನನ್ನು ಯಾವ ಯಂತ್ರ ಕಾಯುತ್ತೆ ಸ್ವಾಮಿ?

ಆದರೂ ದಿನಾ ದೊಡ್ಡ ಮೊತ್ತ ಕಳಿಸುವ ಅಂಗಡಿಯವರು ಕೇಳಿದರೆ ಇಂಥದ್ದೊಂದು ಕೊಡೋದು ಬ್ಯಾಂಕುಗಳ ಕರ್ತವ್ಯ. ಠೇವಣಿ ಕೇಳುವವರು ಬೀಗವನ್ನೂ ಕೊಡಲಿ. ದುಡ್ಡು ಹೋಯಿತೋ, ತಡಮಾಡದೆ 1930ಕ್ಕೆ ಫೋನಾಯಿಸಿ.