ಬೆಕ್ಕಿನ ರೋಮವೂ ಮನಸ್ಸಿನ ಮೇಲಣ ಅಪವಾದವೂ

ಬೆಕ್ಕು ತನ್ನ ಮೈಯನ್ನು ತಾನೇ ನೆಕ್ಕಿ ಶುಚಿಮಾಡಿಕೊಳ್ಳುವುದು ಎಲ್ಲರೂ ಬಲ್ಲ ಸಂಗತಿ. ಎಚ್ಚರವಾಗಿರುವ ವೇಳೆಯಲ್ಲಿ ಸುಮಾರು ಕಾಲುಭಾಗದವರೆಗೂ ಈ ಕಾರ್ಯಕ್ಕೇ ಮುಡಿಪಾಗಬಹುದು. ಆದರೆ ಕೆಲವು ಬೆಕ್ಕುಗಳು ಹೊಟ್ಟೆ, ಪಕ್ಕೆ, ತೊಡೆಯ ಒಳಮೈ ಇವನ್ನು ರೋಮವೆಲ್ಲ ಹೋಗಿ ಚರ್ಮ ಕಾಣುವವರೆಗೂ ನೆಕ್ಕುತ್ತವೆ. ಆಗ ಮನೆಯವರು ಕೊಡುವ ವಿವರಣೆ ಸಾಮಾನ್ಯವಾಗಿ ಒಂದೇ: “ಮನೆ ಬದಲಾಯಿಸಿದೆವು, ಪಾಪ, ಅದನ್ನು ಮನಸ್ಸಿಗೆ ಹಚ್ಚಿಕೊಂಡಿದೆ.” ವಿವರಣೆಯೇನೋ ಬಲು ಸುಲಭ, ಬೆಕ್ಕು ಅದನ್ನು ಅಲ್ಲಗಳೆಯಲಾರದಷ್ಟೆ. ಇದನ್ನು ಕೊನೆಯ ಉತ್ತರವಾಗಿ ಮಾತ್ರ ಒಪ್ಪತಕ್ಕದ್ದೆಂಬುದು ನಮ್ಮ ಅಭಿಪ್ರಾಯ.

ಇದಕ್ಕೆ ಆಧಾರವಿಲ್ಲದೆ ಇಲ್ಲ. ಮನೋವ್ಯಥೆಯಿಂದಲೇ ರೋಮ ಕಳೆದುಕೊಂಡಿವೆಯೆಂದು ಭಾವಿಸಲಾಗಿದ್ದ 21 ಬೆಕ್ಕುಗಳ ಪರೀಕ್ಷೆಯ ವರದಿಯೊಂದು 2006ರಲ್ಲಿ ಅಮೆರಿಕದ ಪಶುವೈದ್ಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವುಗಳ ಪೈಕಿ 16ರಲ್ಲಿ ದೇಹಸಂಬಂಧವಾದ ಕಾರಣಗಳೇ ಕಂಡುಬಂದುವು. 3ರಲ್ಲಿ ದೇಹ, ಮನಸ್ಸು ಎರಡೂ ಕೂಡಿದ್ದುವು. ಬರಿಯ ಮನಸ್ಸೇ ಕಾರಣವೆನ್ನಲು ಉಳಿದವು ಎರಡೇ ಎರಡು! 21 ಸಣ್ಣ ಸಂಖ್ಯೆಯೇ ಸರಿ. ಆದರೂ ನಮ್ಮ ಅವಸರದ ತೀರ್ಪನ್ನು ತಡೆಯಲು ಇಷ್ಟು ಸಾಕು.

ಮೊದಲು ಕೇಳಬೇಕಾದ ಪ್ರಶ್ನೆ: ರೋಮ ತಾನಾಗಿ ಉದುರಿತೋ, ನೆಕ್ಕಿದ್ದರಿಂದ ಮುರಿಯಿತೋ? ಬೆಕ್ಕು ಮರೆಯಲ್ಲಿ ನೆಕ್ಕಿಕೊಳ್ಳುವುದುಂಟಾದ್ದರಿಂದ “ನಾವು ನೋಡಲಿಲ್ಲ” ಎಂಬ ಸಾಕ್ಷ್ಯಕ್ಕೆ ಬೆಲೆಯಿಲ್ಲ. ಸೂಕ್ಷ್ಮದರ್ಶಕದಲ್ಲಿ ನಾಲ್ಕು ರೋಮಗಳನ್ನು ಇಟ್ಟು ನೋಡಬೇಕು. ಸಹಜವಾದ ರೋಮದ ತುದಿ ಸಪುರವಾಗುತ್ತ ಹೋಗುತ್ತದೆ. ನೆಕ್ಕಿಸಿಕೊಂಡ ರೋಮದ ತುದಿ ಮುರಿದು ಮೊಂಡಾಗಿರುತ್ತದೆ. ಬೆಕ್ಕಿನ ನಾಲಗೆ ಅಂಥ ಸಾಧನ. ಅದರ ಮೇಲೆ ಹಿಂದಕ್ಕೆ ಬಾಗಿದ ಗಟ್ಟಿ ಮುಳ್ಳುಗಳಿವೆ. ಅವುಗಳ ತುದಿ ಟೊಳ್ಳಾದ ದೋಣಿಯಂತಿದ್ದು, ದೀಪದ ಬತ್ತಿಯಲ್ಲಿ ಎಣ್ಣೆ ಏರುವ ನಿಯಮದಂತೆಯೇ ಜೊಲ್ಲನ್ನು ಹೀರಿ ರೋಮದ ಬುಡಕ್ಕೆ ಮುಟ್ಟಿಸುತ್ತವೆಂದು 2018ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ತೋರಿಸಿದರು. ಭೌತವಿಜ್ಞಾನವನ್ನು ಬೋಧಿಸುವ ನಮಗೆ ಇದು ಹಿಗ್ಗಿನ ವಿಷಯ.

ನೆಕ್ಕಿದ್ದೇ ನಿಜವಾದರೆ, ಏತಕ್ಕೆ? ಎಲ್ಲಕ್ಕಿಂತ ಮೊದಲು ಚಿಗಟದ ಮೇಲೆ ಸಂಶಯಪಡಬೇಕು. ಮೈಯಲ್ಲಿ ಚಿಗಟ ಕಾಣಿಸದಿದ್ದರೆ ಅದು ಇಲ್ಲವೆಂದು ಅರ್ಥವಲ್ಲ. ನೆಕ್ಕುವ ಬೆಕ್ಕು ಅದನ್ನು ನುಂಗಿಬಿಟ್ಟಿರಬಹುದು. ಬಾಚಣಿಗೆಯಿಂದ ಬಾಚಿದಾಗ ಬಿದ್ದ ಕರಿಯ ಕಣಗಳನ್ನು ಒದ್ದೆಯಾದ ಬಿಳಿಯ ಕಾಗದದ ಮೇಲೆ ಒತ್ತಿರಿ. ಕೆಂಪು ಹರಡಿದರೆ ಅದು ಚಿಗಟದ ಮಲ, ಅರ್ಥಾತ್ ಜೀರ್ಣವಾದ ರಕ್ತ. ಆಹಾರ ಒಗ್ಗದಿರುವುದು ಇನ್ನೊಂದು ಕಾರಣ. ಅದನ್ನು ಪತ್ತೆಮಾಡಲು ಹಿಂದೆಂದೂ ತಿನ್ನದ ಆಹಾರವೊಂದನ್ನೇ, ಸುಮಾರು ಎಂಟು ವಾರ, ಬೇರೇನೂ ಬೆರಸದೆ ಕೊಡಬೇಕು. ಪಕ್ಕದ ಮನೆಯವರ ಒಂದು ತುಂಡು ಮೀನು ಇಡೀ ಪ್ರಯೋಗವನ್ನು ಕೆಡಿಸಬಲ್ಲುದು. ಮೂತ್ರಕೋಶದ ನೋವಿದ್ದರೂ ಬೆಕ್ಕು ಕಿಬ್ಬೊಟ್ಟೆಯನ್ನು ನೆಕ್ಕುವುದುಂಟು.

ಹುಳುಕಡ್ಡಿಯನ್ನು ಮರೆಯುವಂತಿಲ್ಲ, ಅದು ಮನುಷ್ಯರಿಗೂ ಅಂಟುತ್ತದೆ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ರೂಪಿಸಿದ ನೇರಿಳಾತೀತ ದೀಪದ ಬೆಳಕಿನಲ್ಲಿ ಈ ರೋಗದ ರೋಮ ಅನೇಕವೇಳೆ ಹಸುರಾಗಿ ಹೊಳೆಯುತ್ತದೆ. ಹೊಳೆಯದಿದ್ದ ಮಾತ್ರಕ್ಕೆ ರೋಗವಿಲ್ಲವೆನ್ನಲಾಗದು. ಪಶುವೈದ್ಯರು ರೋಮವನ್ನು ತೆಗೆದು ಶಿಲೀಂಧ್ರವನ್ನು ಬೆಳಸಿ ನೋಡಬೇಕಾದೀತು.

ಔಷಧದ ವಿಚಾರದಲ್ಲಿ ನಮ್ಮ ಜನರ ಧೈರ್ಯ ಭಯಹುಟ್ಟಿಸುವಂಥದು. ಬೆಕ್ಕಿನ ಮೈಗೆ ಬಳಿದದ್ದೆಲ್ಲ ಅದರ ಹೊಟ್ಟೆಗೇ ಹೋಗುತ್ತದೆ. ಹೀಗಿರಲು ಸೀಮೆಎಣ್ಣೆ ಹಚ್ಚುವುದು ವಿಷ ಕುಡಿಸಿದಂತೆಯೇ ಸರಿ. ನಾಯಿಗಳಿಗೆಂದು ಮಾರುವ ಪರ್ಮೆತ್ರಿನ್ ಬೆಕ್ಕಿನ ಪ್ರಾಣವನ್ನೇ ತೆಗೆಯಬಹುದು. ಅದನ್ನು ಬೇಗನೆ ನಿರ್ವಿಷಗೊಳಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕಿಲ್ಲ. ಪಶುವೈದ್ಯರು ಹೇಳಿದ ಚಿಗಟದ ಔಷಧವನ್ನು ಮನೆಯ ಎಲ್ಲ ಬೆಕ್ಕುನಾಯಿಗಳಿಗೂ ಹಾಕಬೇಕು, ಮಲಗುವ ಬಟ್ಟೆಯನ್ನು ಒಗೆಯಬೇಕು. ಕೊರಳಿಗೆ ಕಟ್ಟುವ ಕೊಳವೆ ನೆಕ್ಕುವುದನ್ನು ತಡೆಯುತ್ತದೆಯೇ ಹೊರತು ತುರಿಕೆಯನ್ನಲ್ಲ.

ಇಷ್ಟನ್ನೂ ಶೋಧಿಸಿ ಏನೂ ಸಿಕ್ಕದಾಗ ಮನಸ್ಸಿನ ಮಾತು ಎತ್ತೋಣ. ಆಗಲೂ ಕೈಕಟ್ಟಿ ಕೂಡಬೇಕಾಗಿಲ್ಲ: ಅಡಗಿ ಕೂರಲು ಎತ್ತರದ ಜಾಗ, ಹೊತ್ತಿಗೆ ಸರಿಯಾದ ಊಟ, ದಿನಕ್ಕಿಷ್ಟು ಆಟ, ಜಗಳವಾಡುವ ಬೆಕ್ಕುಗಳಿದ್ದರೆ ಅವಕ್ಕೆ ಬೇರೆಬೇರೆ ತಟ್ಟೆ, ಅಗತ್ಯವಾದರೆ ವೈದ್ಯರ ಔಷಧ. ನೆಕ್ಕಿದ್ದಕ್ಕೆ ಗದರಿಸಿದರೆ ಅಂಜಿಕೆ ಹೆಚ್ಚಿ, ಬೆಕ್ಕು ಮಂಚದ ಕೆಳಗೆ ಹೋಗಿ ನೆಕ್ಕೀತು.