ಗಾಯ ಮುಚ್ಚಿದ ಮೇಲೆ

ಬೊರಿವಲಿಯ ನನ್ನ ಪುಟ್ಟ ಫಿಸಿಯೋಥೆರಪಿ ಕೋಣೆಗೆ ಬರುವವರಲ್ಲಿ ಹೆಚ್ಚಿನವರು ಮಂಡಿನೋವಿನ ಅಜ್ಜಿಯರು, ಇಲ್ಲವೇ ಲೋಕಲ್ ಟ್ರೇನಿನಲ್ಲಿ ನೇತಾಡಿ ಭುಜ ಕೆಡಿಸಿಕೊಂಡವರು. ಕಳೆದ ಮಳೆಗಾಲದಲ್ಲಿ ಬಂದ ಹುಡುಗ ಮಾತ್ರ ಬಲಗೈಯನ್ನು ಟವೆಲಿನಲ್ಲಿ ಸುತ್ತಿಕೊಂಡು ಮೂಲೆಯಲ್ಲಿ ಕುಳಿತಿದ್ದ. ಕುಂದಾಪುರದ ಕಡೆಯವನು, ಹೋಟೆಲಿನಲ್ಲಿ ವಡೆ ಕರಿಯುವ ಕೆಲಸ. ಬಾಣಲೆಯ ಎಣ್ಣೆ ಕೈಮೇಲೆ ಚೆಲ್ಲಿ ನಾಲ್ಕು ತಿಂಗಳಾಗಿತ್ತು.

"ಗಾಯ ಒಣಗಿತ್ ಅಕ್ಕಾ. ಮುಷ್ಟಿ ಕಟ್ಟುಕೆ ಮಾತ್ರ ಆತಿಲ್ಲೆ" ಎಂದ.

ಅಂಗೈಯ ಹಿಂಬದಿಯೆಲ್ಲ ಕೆಂಪಗೆ, ಹಗ್ಗದಂತೆ ಉಬ್ಬಿತ್ತು. ರಾತ್ರಿಯೆಲ್ಲ ತುರಿಕೆಯಂತೆ. ಸುಟ್ಟಾಗ ಅಡುಗೆಮನೆಯಲ್ಲಿ ಯಾರೋ ಟೂತ್‌ಪೇಸ್ಟ್ ಬಳಿದಿದ್ದರು. (20 ನಿಮಿಷ ನಲ್ಲಿಯ ಹರಿವ ನೀರಿಗೆ ಕೈಯೊಡ್ಡಿದ್ದರೆ ಎಷ್ಟೋ ಉಳಿಯುತ್ತಿತ್ತು. ನಮ್ಮವರ ಹೋಟೆಲುಗಳಲ್ಲಿ ಇದನ್ನು ದೇವರ ಪಟದ ಪಕ್ಕದಲ್ಲೇ ಬರೆದು ಅಂಟಿಸಬೇಕು.) ಆಮೇಲೆ "ಕೈ ಅಲ್ಲಾಡಿಸಬೇಡ, ಚರ್ಮ ಬಿರಿಯುತ್ತದೆ" ಎಂದು ಹಿತೈಷಿಗಳು ಹೇಳಿದ್ದನ್ನು ನಂಬಿ ಕೈಯನ್ನು ಎದೆಗೆ ಕಟ್ಟಿಕೊಂಡು ಕೂತಿದ್ದ. ಹಾನಿಯಾದದ್ದು ಅಲ್ಲೇ.

ಸುಟ್ಟಗಾಯ ಮುಚ್ಚಲು ಮೂರು ವಾರಕ್ಕಿಂತ ಹೆಚ್ಚು ಹಿಡಿದರೆ ಕಲೆ ಉಬ್ಬುವ ಸಂಭವ ಜಾಸ್ತಿ. ಹೊಸ ಚರ್ಮದಡಿ ಕೊಲಾಜನ್ ಎಂಬ ನಾರು ಅಳತೆ ಮೀರಿ ಬೆಳೆದು ಗಂಟುಗಟ್ಟುತ್ತದೆ, ಸಂದುಗಳನ್ನು ಎಳೆದು ಹಿಡಿಯುತ್ತದೆ. ಆದರೆ ಕಲೆ ಪೂರ್ತಿ ಮಾಗಲು ಒಂದೆರಡು ವರ್ಷ ಬೇಕು. ಅಷ್ಟು ಕಾಲವೂ ಅದು ಹಸಿಮಣ್ಣಿನಂತೆ, ತಿದ್ದಿದರೆ ಕೇಳುತ್ತದೆ. ಹುಡುಗನಿಗೆ ಇನ್ನೂ ಸಮಯವಿತ್ತು.

ಮೊದಲು ಮಸಾಜ್. ವಾಸನೆಯಿಲ್ಲದ ಕ್ರೀಮು ಹಚ್ಚಿ, ಕಲೆ ಬೆಳ್ಳಗಾಗುವಷ್ಟು ಹೆಬ್ಬೆರಳಿನಿಂದ ಒತ್ತಿ, ಸಣ್ಣ ಸುತ್ತುಗಳಲ್ಲಿ ತಿಕ್ಕುವುದು. ಬರೀ ಸವರಿದರೆ ಪ್ರಯೋಜನವಿಲ್ಲ. ಚರ್ಮ ಪೂರ್ತಿ ಮುಚ್ಚಿರಬೇಕು, ಗುಳ್ಳೆಯೆದ್ದರೆ ನಿಲ್ಲಿಸಬೇಕು. ಅದರ ಬೆನ್ನಿಗೇ ಬೆರಳುಗಳನ್ನು ನಿಧಾನವಾಗಿ ಮಡಿಸಿ ಹಿಡಿಯುವುದು, ಜಗ್ಗುವುದಲ್ಲ. ರಾತ್ರಿಗೆ ಸ್ಪ್ಲಿಂಟ್, ಕಲೆಯ ಮೇಲೆ ಸಿಲಿಕೋನ್ ಹಾಳೆ.

ಕಷ್ಟವಾದದ್ದು ಪ್ರೆಶರ್ ಗ್ಲೌವ್. ಕೈಯ ಅಳತೆಗೇ ಹೊಲಿಸಿದ ಬಿಗಿಯಾದ ಕೈಗವಸು, ದಿನಕ್ಕೆ 23 ಗಂಟೆ. ಸ್ನಾನಕ್ಕೂ ಮಸಾಜಿಗೂ ಮಾತ್ರ ಬಿಡುವು. ಕೆಲವು ತಿಂಗಳಲ್ಲಿ ಅದು ಸಡಿಲವಾಗಿ ಹೊಸದು ಬೇಕಾಗುತ್ತದೆ. ಮುಂಬಯಿಯ ಸೆಕೆಯಲ್ಲಿ, ಎಂಟು ಮಂದಿ ಮಲಗುವ ಕೋಣೆಯಲ್ಲಿ ಅದನ್ನು ಹಾಕಿಕೊಂಡಿರು ಎನ್ನಲು ನನಗೇ ಬಾಯಿ ಬರಲಿಲ್ಲ. ಅದರಿಂದ ಕಲೆ ಎಷ್ಟು ಚಪ್ಪಟೆಯಾಗುತ್ತದೆ ಎಂಬುದರಲ್ಲಿ ಅಧ್ಯಯನಗಳೂ ಒಮ್ಮತಕ್ಕೆ ಬಂದಿಲ್ಲ. ಹಾಗಾಗಿ ನಿಜ ಹೇಳಿದೆ: "ಗ್ಲೌವ್ ಒಂದು ದಿನ ತಪ್ಪಿದರೆ ಬೈಯುವುದಿಲ್ಲ. ಬೆರಳು ಮಡಿಸುವುದು ತಪ್ಪಿದರೆ ಬೈಯುತ್ತೇನೆ."

ಎರಡು ವಾರ ಅವನ ಸುಳಿವಿಲ್ಲ. ಬಂದವನು ಊರಿಗೆ ಹೋಗಿಬಿಡುತ್ತೇನೆ ಎಂದ. ಊರಲ್ಲಿ ಅಮ್ಮನಿಗೆ ಸುಟ್ಟದ್ದೇ ಗೊತ್ತಿಲ್ಲ, ಫೋನಿನಲ್ಲಿ ವಿಡಿಯೋ ಕಾಲ್ ಬಂದರೆ ಎಡಗೈ ತೋರಿಸುತ್ತಾನೆ. ಧಣಿಗಳ ಬಳಿ ನಾನೇ ಮಾತಾಡಿದೆ. ಬೆಂಕಿಯ ಮುಂದೆ ಬೇಡ, ಕೂಪನ್ ಹರಿಯುವ ಕೆಲಸ ಕೊಡಿ ಎಂದೆ. ಕೊಟ್ಟರು. ಕೂಪನ್ ಹರಿಯುವುದು ಬೆರಳಿಗೂ ಒಳ್ಳೆಯ ವ್ಯಾಯಾಮ, ಅದನ್ನು ಅವರಿಗೆ ಹೇಳಲಿಲ್ಲ.

ಸಂದು ಗಟ್ಟಿಯಾಗಿ ಸೆಟೆದುಹೋದರೆ ನಮ್ಮ ಕೈಯಲ್ಲಾಗುವುದಿಲ್ಲ, ಶಸ್ತ್ರಚಿಕಿತ್ಸೆ ಬೇಕು. ಅದಕ್ಕೆ ಐರೋಲಿಯಲ್ಲಿ ನ್ಯಾಶನಲ್ ಬರ್ನ್ಸ್ ಸೆಂಟರ್ ಇದೆ. ಇವನಿಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ.

ಮೊದಲ ದಿನ ನಡುಬೆರಳ ತುದಿಗೂ ಅಂಗೈಗೂ ನಡುವೆ ನಾಲ್ಕು ಸೆಂಟಿಮೀಟರ್ ಇತ್ತು. ಮೊನ್ನೆ ಅಳೆದಾಗ ಒಂದಕ್ಕೆ ಇಳಿದಿತ್ತು. ಕಲೆ ಇನ್ನೂ ಕಾಣುತ್ತದೆ, ಕಿರುಬೆರಳು ಇನ್ನೂ ಮೊಂಡು. ಸ್ಕೇಲು ಎತ್ತಿಡುವಾಗ ಕೇಳಿದ, "ಅಕ್ಕಾ, ಚೌತಿಗೆ ಊರಿಗೆ ಹೋಪುದ್. ಅಮ್ಮಂಗೆ ಈ ಕೈ ತೋರ್ಸ್ಲಕ್ಕಾ?"