ಫಿಲ್ಮು ಒಂದು ಹೇಳಿತು, ಕಾಲು ಇನ್ನೊಂದು

ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇವೆ. ಸೊಂಟ ಹಿಡಿದುಕೊಂಡರೆ ಮಾತ್ರ ಮನೆಮಂದಿಯೆಲ್ಲ ತಾವೇ ಡಾಕ್ಟರಾಗುತ್ತಾರೆ. ಒಬ್ಬರು ಎಣ್ಣೆ ಹಚ್ಚಿ ನೀವಬೇಕು ಎನ್ನುತ್ತಾರೆ, ಇನ್ನೊಬ್ಬರು ಹಲಗೆಯ ಮೇಲೆ ಮಲಗಿಸಿ ಎನ್ನುತ್ತಾರೆ. ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಒದೆಸಿಕೊಂಡರೆ ಉಳುಕು ಬಿಡುತ್ತದೆ ಎನ್ನುವವರೂ ಇದ್ದಾರೆ. ಕಳೆದ ವರ್ಷ ಈ ಸಲಹೆಗಳೆಲ್ಲ ನನ್ನ ಮಂಚದ ಸುತ್ತ ಬಂದು ಕೂತವು. ಒದೆಯುವವರು ಸಿಗಲಿಲ್ಲ ಎನ್ನುವುದು ನನ್ನ ಪುಣ್ಯ. ಡಿಸ್ಕ್ ಜಾರಿದ ಬೆನ್ನಿಗೆ ಒದೆ ಬೇಡವೇ ಬೇಡ!

ಅವತ್ತು ನಾನು ಭಾರವೇನೂ ಎತ್ತಿರಲಿಲ್ಲ. ಕೆಳಗೆ ಬಿದ್ದ ಸೌಟು ತೆಗೆಯಲು ಬಗ್ಗಿದೆ, ಅದೇ ಹೊತ್ತಿಗೆ ಸೀನು ಬಂತು, ಸೊಂಟ ಚಳಕ್ಕೆಂದಿತು. ಎರಡು ದಿನ ಬರೀ ಸೊಂಟನೋವು. ಮೂರನೇ ದಿನ ನೋವು ಎಡ ತೊಡೆಯ ಹಿಂದಿನಿಂದ ಇಳಿದು, ಮೀನಖಂಡದ ಪಕ್ಕದಲ್ಲಿ ಹಾದು, ಕಾಲಿನ ಹೆಬ್ಬೆರಳಿಗೆ ಬಂದು ನಿಂತಿತು. ಕರೆಂಟು ಹೊಡೆದ ಹಾಗೆ. ಕೂರುವುದಕ್ಕಿಂತ ನಿಲ್ಲುವುದೇ ವಾಸಿ. ಕೆಮ್ಮಿದರೆ ಕಾಲಿನವರೆಗೂ ಮಿಂಚು. ಇಂಥ ನೋವಿಗೆ ಆಯುರ್ವೇದದಲ್ಲಿ 'ಗೃಧ್ರಸಿ' ಎಂಬ ಹೆಸರಿದೆ. ರೋಗಿಯ ನಡಿಗೆ ಗೃಧ್ರದ, ಅಂದರೆ ಹದ್ದಿನ ನಡಿಗೆಯಂತಾಗುತ್ತದೆ ಎಂದು. ನಾನು ಬಚ್ಚಲಿಗೆ ಹೋಗುವುದನ್ನು ನೋಡಿದ್ದರೆ ಹೆಸರಿಟ್ಟವರು ತಲೆದೂಗುತ್ತಿದ್ದರು.

ಒಂಬತ್ತನೇ ಕ್ಲಾಸಿನಲ್ಲಿರುವ ನನ್ನ ಮಗಳಿಗೆ ಒಂದೇ ಪ್ರಶ್ನೆ: "ಸೌಟು ಎತ್ತಿದ್ದಕ್ಕೆ ಕಾಲು ಯಾಕಮ್ಮಾ ನೋಯ್ಬೇಕು?" ಮಕ್ಕಳ ಪ್ರಶ್ನೆಗೆ ಉತ್ತರ ಕೊಡದಿದ್ದರೆ ಈ ಅಂಕಣ ಬರೆದೂ ಪ್ರಯೋಜನವಿಲ್ಲ. ಕೇಳಿ. ನಮ್ಮ ಬೆನ್ನಿನಲ್ಲಿ ಒಂದರ ಮೇಲೊಂದು ಜೋಡಿಸಿದ ಮೂಳೆಗಳಿವೆ. ಅವುಗಳ ನಡುವೆ 23 ಮೆತ್ತೆಗಳಿವೆ, ಅವೇ ಡಿಸ್ಕುಗಳು. ಒಂದೊಂದು ಡಿಸ್ಕನ್ನೂ ದಪ್ಪನೆಯ ಹೋಳಿಗೆ ಎಂದುಕೊಳ್ಳಿ. ಸುತ್ತ ಗಟ್ಟಿ ಕಣಕ, ಒಳಗೆ ಮೆತ್ತನೆ ಹೂರಣ. ವಯಸ್ಸಾದಂತೆ ಕಣಕ ಒಣಗಿ ಎಲ್ಲೋ ಬಿರುಕು ಬಿಡುತ್ತದೆ. ಒಂದು ದಿನ ಒತ್ತಡ ಬಿದ್ದಾಗ ಹೂರಣ ಆ ಬಿರುಕಿನಿಂದ ಹೊರಗೆ ಬರುತ್ತದೆ. ಡಿಸ್ಕ್ ಇಡಿಯಾಗಿ ಎಲ್ಲಿಗೂ ಜಾರಿ ಹೋಗುವುದಿಲ್ಲ. 'ಜಾರಿದೆ' ಎನ್ನುವುದು ನಮ್ಮ ಮಾತಿನ ರೂಢಿ. ಹೊರಬಂದ ಹೂರಣದ ಪಕ್ಕದಲ್ಲೇ ಕಾಲಿಗೆ ಹೋಗುವ ನರವಿದ್ದರೆ ಅದನ್ನು ಒತ್ತುತ್ತದೆ, ಕೆರಳಿಸುತ್ತದೆ. ಗಾಯ ಸೊಂಟದಲ್ಲಿ, ಕೂಗು ಕಾಲಿನಲ್ಲಿ.

ಮಾತ್ರೆಗಳಿಗೆ ನೋವು ಬಗ್ಗದಿದ್ದಾಗ ಎಂಆರ್‌ಐ ಮಾಡಿಸಿದೆವು. ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ ನಡುವಿನ ಡಿಸ್ಕ್ ಎಡಕ್ಕೆ ಹೊರಬಂದಿದೆ ಎಂದು ರಿಪೋರ್ಟ್ ಬಂತು. ನಮ್ಮೂರಿನ ಒಬ್ಬ ಸರ್ಜನ್ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, "ಮುಂದಿನ ವಾರವೇ ಆಪರೇಷನ್ ಮಾಡಿಸಿಬಿಡಿ. ತಡ ಮಾಡಿದ್ರೆ ಕಾಲು ಸ್ವಾಧೀನ ತಪ್ಪಬಹುದು" ಅಂದರು. ನನ್ನ ಕಾಲನ್ನು ಮಾತ್ರ ಮುಟ್ಟಿ ನೋಡಲಿಲ್ಲ.

ಆ ರಾತ್ರಿ ಮನೆ ಎರಡು ಪಕ್ಷವಾಯಿತು. ನಮ್ಮ ಯಜಮಾನರು ಹೆದರಿ ಆಪರೇಷನ್ನಿಗೆ ದುಡ್ಡು ಹೊಂದಿಸಲು ಕೂತರು. ಅತ್ತೆ, "ಕತ್ತಿ ತಾಗಿದ ಸೊಂಟ ಮತ್ತೆ ನೆಟ್ಟಗಾಗಲ್ಲ ಕಣೇ, ಬೇಡ" ಅಂದರು. ಇಬ್ಬರದೂ ಪ್ರೀತಿಯೇ, ಇಬ್ಬರದೂ ಭಯವೇ. ನನ್ನ ಭಯ ಬೇರೆ. ನಾನು ಶಾಲಾ ಶಿಕ್ಷಕಿ, ನಿಂತು ಪಾಠ ಮಾಡುವವಳು. ಕಾಲು ಹೋದರೆ? ಆಪರೇಷನ್ ಮಾಡಿಸಿಕೊಂಡೂ ಹೋದರೆ?

ಇನ್ನೊಬ್ಬರ ಅಭಿಪ್ರಾಯ ಕೇಳೋಣ ಎಂದು ಬೇರೆ ಊರಿನ ನರಶಸ್ತ್ರಚಿಕಿತ್ಸಕರ ಬಳಿ ಹೋದೆವು. ಅವರು ಫಿಲ್ಮನ್ನು ಪಕ್ಕಕ್ಕಿಟ್ಟು, "ಚಪ್ಪಲಿ ಬಿಡಿ, ನಡೀರಿ" ಅಂದರು. ಹಿಮ್ಮಡಿಯ ಮೇಲೆ ನಡೆಸಿದರು, ತುದಿಗಾಲಲ್ಲಿ ನಡೆಸಿದರು. ಮಲಗಿಸಿ, ಮೊಣಕಾಲು ಬಗ್ಗದಂತೆ ಕಾಲೆತ್ತಿದರು. ಹೆಬ್ಬೆರಳನ್ನು ಕೆಳಕ್ಕೆ ಒತ್ತಿ, "ಮೇಲಕ್ಕೆ ತಳ್ಳಿ ನೋಡೋಣ" ಅಂದರು. ಮೂತ್ರ ಸರಾಗವಾಗಿ ಆಗುತ್ತಿದೆಯಾ, ಕೂರುವ ಜಾಗದಲ್ಲಿ ಸ್ಪರ್ಶ ತಿಳಿಯುತ್ತಿದೆಯಾ ಎಂದು ಸಂಕೋಚವಿಲ್ಲದೆ ಕೇಳಿದರು. ಕೊನೆಗೆ ಫಿಲ್ಮ್ ನೋಡಿ ಅಂದರು: "ಫಿಲ್ಮಿನಲ್ಲಿರೋದು ನಿಜ. ಆದರೆ ನಿಮ್ಮ ಕಾಲಿನ ಶಕ್ತಿ ಪೂರ್ತಿ ಇದೆ. ಆರು ವಾರ ಕಾಯೋಣ. ಕಾಯೋದು ಅಂದ್ರೆ ಸುಮ್ಮನೆ ಮಲಗೋದಲ್ಲ."

ಈ 'ಕಾಯೋಣ' ಎಷ್ಟು ಸರಿ ಎಂದು ತಿಳಿಯಲು ನಾನು ಒಂದಷ್ಟು ಓದಿದೆ. ಬೆನ್ನುನೋವೇ ಇಲ್ಲದ 98 ಮಂದಿಗೆ ಎಂಆರ್‌ಐ ಮಾಡಿ ನೋಡಿದ ಅಮೆರಿಕದ ಅಧ್ಯಯನವೊಂದು 1994ರಲ್ಲಿ ಪ್ರಕಟವಾಯಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಒಂದಾದರೂ ಡಿಸ್ಕ್ ಉಬ್ಬಿತ್ತು. ಕಾಲುಭಾಗಕ್ಕಿಂತ ಹೆಚ್ಚು ಜನರಲ್ಲಿ ಹೊರಕ್ಕೆ ಚಾಚಿಕೊಂಡಿತ್ತು. ಅವರಿಗೆ ನೋವೇ ಇರಲಿಲ್ಲ! ಅಂದರೆ ಫಿಲ್ಮಿನಲ್ಲಿ ಕಂಡದ್ದಕ್ಕೆಲ್ಲ ಚಿಕಿತ್ಸೆ ಬೇಕಿಲ್ಲ. ಕಾಲು ಹೇಳುವ ಕತೆಯೂ ಫಿಲ್ಮು ತೋರಿಸುವ ಜಾಗವೂ ಹೊಂದಿಕೆಯಾಗಬೇಕು. ಇನ್ನೊಂದು ಸಂಗತಿ: ಹೊರಬಂದ ಹೂರಣವನ್ನು ದೇಹವೇ ಎಷ್ಟೋ ಸಲ ಮೆಲ್ಲಗೆ ಕರಗಿಸಿಬಿಡುತ್ತದೆ.

ಹಾಗಾದರೆ ಆಪರೇಷನ್ ದಂಡವೇ? ಅಲ್ಲವೇ ಅಲ್ಲ. ಡಿಸ್ಕಿನ ತುಂಡು ನರವನ್ನು ಒತ್ತಿ ಕಾಲುನೋವು ತರುತ್ತದೆ, ಅದನ್ನು ತೆಗೆದರೆ ಗುಣವಾಗುತ್ತದೆ ಎಂದು ಬೋಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಎಂಬ ವೈದ್ಯರು 1934ರಲ್ಲೇ ತೋರಿಸಿದ್ದರು. ನೆದರ್ಲೆಂಡ್ಸ್‌ನಲ್ಲಿ ಒಂದೂವರೆಯಿಂದ ಮೂರು ತಿಂಗಳು ತೀವ್ರ ಕಾಲುನೋವು ಅನುಭವಿಸಿದ 283 ಜನರನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಬೇಗನೆ ಆಪರೇಷನ್. ಇನ್ನೊಂದು ಗುಂಪು ಕಾಯುವುದು, ತಡೆಯಲಾಗದಿದ್ದರೆ ಮಾತ್ರ ಆಪರೇಷನ್. ಫಲಿತಾಂಶ 2007ರಲ್ಲಿ ಬಂತು. ಬೇಗ ಆಪರೇಷನ್ ಆದವರ ನೋವು ಬೇಗ ಇಳಿಯಿತು. ಆದರೆ ವರ್ಷ ತುಂಬುವಾಗ ಎರಡೂ ಗುಂಪಿನಲ್ಲಿ ನೂರಕ್ಕೆ ಸುಮಾರು 95 ಜನ ಚೇತರಿಸಿಕೊಂಡಿದ್ದರು. ಕಾದವರಲ್ಲಿ ನೂರಕ್ಕೆ 39 ಜನ ಆ ವರ್ಷದೊಳಗೆ ಆಪರೇಷನ್ ಮಾಡಿಸಿಕೊಂಡಿದ್ದರು ಎನ್ನುವುದನ್ನೂ ಮರೆಯಬಾರದು. ಅಂದರೆ ಅಪಾಯದ ಲಕ್ಷಣ ಇಲ್ಲದವರಿಗೆ ಇದು ಬದುಕುವ–ಸಾಯುವ ಪ್ರಶ್ನೆಯಲ್ಲ. ಎಷ್ಟು ನೋವನ್ನು ಎಷ್ಟು ದಿನ ತಡೆದುಕೊಳ್ಳಬಲ್ಲೆ, ಮನೆ–ಕೆಲಸ ಎಷ್ಟು ಕಾಯಬಲ್ಲವು ಎಂಬ ಪ್ರಶ್ನೆ. ಅದಕ್ಕೆ ಉತ್ತರ ಹೇಳಬೇಕಾದವರು ರೋಗಿಯೇ.

ನಾನು ಕಾಯುತ್ತೇನೆ ಅಂದೆ. ಕ್ಯಾಲೆಂಡರಿನಲ್ಲಿ ಆರನೇ ವಾರದ ದಿನಕ್ಕೆ ಸುತ್ತು ಹಾಕಿದೆ. ಎರಡು ದಿನಕ್ಕಿಂತ ಹೆಚ್ಚು ಹಾಸಿಗೆ ಹಿಡಿಯಬೇಡಿ ಎಂದಿದ್ದರು ಡಾಕ್ಟರು. ಮೊದಲು ಅಂಗಳದಲ್ಲಿ ಹತ್ತು ನಿಮಿಷ, ಆಮೇಲೆ ಬೀದಿಯ ಕೊನೆಯವರೆಗೆ ನಡಿಗೆ. ಹೊತ್ತಿಗೆ ಸರಿಯಾಗಿ ಮಾತ್ರೆ, ಅದೂ ಅವರು ಹೇಳಿದಷ್ಟೇ ದಿನ. ನೋವಿನ ಮಾತ್ರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ತೊಂದರೆ ಮಾಡಬಲ್ಲದು. ಫಿಸಿಯೋಥೆರಪಿಸ್ಟ್ ಕಲಿಸಿದ ನಾಲ್ಕು ವ್ಯಾಯಾಮ. ಅತ್ತೆಗೂ ಬೇಸರವಾಗಬಾರದಲ್ಲ, ಬಿಸಿನೀರಿನ ಚೀಲದ ಜವಾಬ್ದಾರಿ ಅವರದು. ಅವರು ಇಟ್ಟ ಶಾಖ ನಿಜಕ್ಕೂ ಹಿತವಾಗಿತ್ತು.

ಮಗಳಿಗೂ ಒಂದು ಕೆಲಸ ಸಿಕ್ಕಿತು. ದಿನಾ ಬೆಳಿಗ್ಗೆ ನನ್ನ ಎರಡೂ ಕಾಲಿನ ಹೆಬ್ಬೆರಳುಗಳನ್ನು ತನ್ನ ಬೆರಳಿಂದ ಒತ್ತಿ, ನಾನು ಮೇಲಕ್ಕೆ ತಳ್ಳುವಾಗ ಎರಡರ ಬಲವೂ ಒಂದೇ ಇದೆಯಾ ಎಂದು ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುವುದು. ನಾಲ್ಕನೇ ವಾರ ಒಂದು ದಿನ ಅವಳು ಒತ್ತಿದವಳು ಸುಮ್ಮನಾದಳು. "ಅಮ್ಮಾ, ಇನ್ನೊಂದ್ಸಲ ತಳ್ಳು." ತಳ್ಳಿದೆ. "ಇನ್ನೊಂದ್ಸಲ." ಅಡುಗೆಮನೆಯಲ್ಲಿದ್ದ ಯಜಮಾನರೂ ಬಂದು ನಿಂತರು. ಮೂರನೇ ಸಲಕ್ಕೆ ಅವಳ ಮುಖ ಸಡಿಲವಾಯಿತು. "ಎರಡೂ ಒಂದೇ ಇದೆ" ಅಂದಳು. ಆಗ ಉಸಿರು ಬಿಟ್ಟೆವು. ಆ ಬೆರಳಿನಲ್ಲಿ ಬಲ ಕುಂದಿದ್ದರೆ ಅವತ್ತೇ ಡಾಕ್ಟರ ಬಳಿ ಹೊರಡಲು ಚೀಲ ತಯಾರಿತ್ತು.

ಏಕೆಂದರೆ ಕಾಯಲು ಬಾರದ ಸಂದರ್ಭಗಳೂ ಇವೆ. ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರಿಗೆ ಡಿಸ್ಕ್ ತೊಂದರೆಯಾದಾಗ ಪಾದವೇ ಮೇಲೇಳದಾಯಿತು. ನಡೆದರೆ ಚಪ್ಪಲಿ ಜಾರಿ ಹೋಗುತ್ತಿತ್ತು. ಅವರು ಮೀನಮೇಷ ಎಣಿಸದೆ ಆಪರೇಷನ್ ಮಾಡಿಸಿಕೊಂಡರು. ಈಗ ಶಾಲೆಯ ಮೆಟ್ಟಿಲು ಹತ್ತುವುದರಲ್ಲಿ ನನಗಿಂತ ಮುಂದಿದ್ದಾರೆ. ಅವರ ನಿರ್ಧಾರ ಅವರ ಕಾಲಿಗೆ ಸರಿ, ನನ್ನದು ನನ್ನ ಕಾಲಿಗೆ.

ಐದನೇ ವಾರದ ಹೊತ್ತಿಗೆ ನನ್ನ ನೋವು ಪಾದದಿಂದ ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ ಹಿಂದೆ ಸರಿಯತೊಡಗಿತು. ಸುತ್ತು ಹಾಕಿದ ದಿನ ಬಂದಾಗ ಡಾಕ್ಟರು ಮತ್ತೆ ಹಿಮ್ಮಡಿಯ ಮೇಲೆ ನಡೆಸಿ, "ಆಪರೇಷನ್ ಬೇಡ, ವ್ಯಾಯಾಮ ಬಿಡಬೇಡಿ" ಅಂದರು. ಹೆಬ್ಬೆರಳಿನ ಜೋಮು ಹೋಗಲು ಇನ್ನೂ ಕೆಲವು ತಿಂಗಳು ಹಿಡಿಯಿತು.

ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ತೀರ್ಮಾನದ ಮುಂದೆ ನಿಂತಿದ್ದರೆ ಡಾಕ್ಟರನ್ನು ಮೂರು ಪ್ರಶ್ನೆ ಕೇಳಿ. ನನ್ನ ಕಾಲಿನ ಲಕ್ಷಣಕ್ಕೂ ಫಿಲ್ಮಿಗೂ ತಾಳೆಯಾಗುತ್ತದೆಯೇ? ಕಾದರೆ ಏನಾಗಬಹುದು, ಎಷ್ಟು ದಿನ ಕಾಯಬಹುದು? ಆಪರೇಷನ್ ಯಾವ ನೋವಿಗೆ, ಕಾಲಿನದಕ್ಕೋ ಸೊಂಟದ್ದಕ್ಕೋ? ಸಾಮಾನ್ಯವಾಗಿ ಅದು ಕಾಲುನೋವನ್ನು ಇಳಿಸುವಷ್ಟು ಚೆನ್ನಾಗಿ ಸೊಂಟನೋವನ್ನು ಇಳಿಸುವುದಿಲ್ಲ. ಈ ಮೂರಕ್ಕೆ ಸಮಾಧಾನದ ಉತ್ತರ ಸಿಗದಿದ್ದರೆ ಇನ್ನೊಬ್ಬ ತಜ್ಞರನ್ನು ಕಾಣುವುದರಲ್ಲಿ ಯಾರಿಗೂ ಅವಮಾನವಿಲ್ಲ.

ಇನ್ನು ಮಕ್ಕಳೇ, ನಿಮಗೆರಡು ಮಾತು. ಮನೆಯಲ್ಲಿ ಸೊಂಟನೋವಿನವರಿದ್ದರೆ ಕೆಳಗೆ ಬಿದ್ದದ್ದನ್ನು ಅವರು ಬಗ್ಗುವ ಮುಂಚೆ ನೀವೇ ಎತ್ತಿಕೊಡಿ. ಮತ್ತೆ, ಅವರು ಯಾವತ್ತಾದರೂ ಮೂತ್ರ ಕಟ್ಟಿದೆ ಅಥವಾ ಹಿಡಿತ ತಪ್ಪಿದೆ, ಸೈಕಲ್ ಸೀಟಿಗೆ ತಾಗುವ ಜಾಗ ಮರಗಟ್ಟಿದೆ, ಕಾಲಿನಲ್ಲಿ ಬಲವಿಲ್ಲ ಎಂದರೆ ಬೆಳಗಾಗಲಿ ಎನ್ನಬೇಡಿ. ಆ ರಾತ್ರಿಯೇ ದೊಡ್ಡವರನ್ನು ಎಬ್ಬಿಸಿ, ಆಸ್ಪತ್ರೆಗೆ ಹೊರಡಿಸಿ.